ಪದಚರ್ಚೆ: ‘ಸಿಗ್ನಲಿಂಗ್’ಗೆ ‘ಸನ್ನೆ’ ಎನ್ನಬಹುದೇ? ‘ರಿಲೀಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಆಫೀಸಿನಿಂದ ಬಂದ ಮೇಲೆ ರಾತ್ರಿ ಒಂದೆರಡು ಗಂಟೆ, ಮತ್ತೆ ಬಿಡುವಾದ ಭಾನುವಾರಗಳಲ್ಲಿ ನಾನು ಆಸ್ಟರಿಸ್ಕ್ ಎಂಬ ಮುಕ್ತ ತಂತ್ರಾಂಶದ ಮೇಲೆ ಕೆಲಸ ಮಾಡುತ್ತೇನೆ. ಸಾಮಾನ್ಯ ಕಂಪ್ಯೂಟರನ್ನೇ ಟೆಲಿಫೋನ್ ಎಕ್ಸ್‌ಚೇಂಜ್ ಮಾಡಿಬಿಡುವ ತಂತ್ರಾಂಶ ಅದು. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಶುರು ಮಾಡಿದ್ದು. ಅದರಲ್ಲಿ ನನಗೆ ಇಷ್ಟವಾದ ಮೂಲೆ ಎಸ್‌ಎಸ್7 ಸಿಗ್ನಲಿಂಗ್, ಅಂದರೆ ಕರೆಗಳನ್ನು ಜೋಡಿಸಲು, ಬಿಡಿಸಲು ಎಕ್ಸ್‌ಚೇಂಜುಗಳು ಬಳಸುವ ‘ಸಿಗ್ನಲಿಂಗ್ ಸಿಸ್ಟಮ್ 7’ ಎಂಬ ಪದ್ಧತಿ. ಹೊಸಬರಿಗೆ ಅಂತ ಕನ್ನಡದಲ್ಲಿ ಒಂದು ಕೈಪಿಡಿ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ತಡೆ ಬಿತ್ತು. ಸಿಗ್ನಲಿಂಗ್‌ಗೆ ಏನನ್ನುವುದು?

ಪದಕ್ಕೆ ಮೊದಲು ಅದರ ಅರ್ಥ ಹೇಳುತ್ತೇನೆ. ‘ಬಸ್ ಇಳಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡು’ ಅಂತ ಅಮ್ಮಂದಿರು ಹೇಳುತ್ತಿದ್ದರು ಅಲ್ವಾ? ಎರಡು ರಿಂಗ್, ಆಮೇಲೆ ಕಟ್. ಒಂದು ಮಾತೂ ಆಡಿಲ್ಲ, ಪೈಸೆ ಖರ್ಚಾಗಿಲ್ಲ. ಆದರೂ ಮಗ ಊರು ತಲುಪಿದ ಅಂತ ಮನೆಗೆ ಗೊತ್ತಾಯಿತು. ಆ ಕರೆಯಲ್ಲಿ ನಡೆದದ್ದೆಲ್ಲ ಬರೀ ಸಿಗ್ನಲಿಂಗ್. ಯಾವ ನಂಬರು ಬೇಕು, ಅದು ಎಂಗೇಜಾ, ರಿಂಗ್ ಆಗುತ್ತಿದೆಯಾ, ಎತ್ತಿದರಾ, ಇಟ್ಟರಾ ಎಂದು ಎಕ್ಸ್‌ಚೇಂಜುಗಳು ತಮ್ಮತಮ್ಮಲ್ಲೇ ಹೇಳಿ ಕೇಳಿಕೊಳ್ಳುವುದು ಅದು.

ಮೊದಲು ಇದೆಲ್ಲ ಮಾತು ಹೋಗುವ ದಾರಿಯಲ್ಲೇ ಸ್ವರಗಳಾಗಿ ಹೋಗುತ್ತಿತ್ತು. ಎಸ್‌ಎಸ್7 ಅದಕ್ಕೆ ಬೇರೆ ದಾರಿ ಮಾಡಿತು. ಎಕ್ಸ್‌ಚೇಂಜುಗಳ ನಡುವೆ ಹಲವು ಕರೆಗಳನ್ನು ಒಟ್ಟಿಗೆ ಒಯ್ಯುವ ಡಿಜಿಟಲ್ ಲೈನಿಗೆ ಇ1 ಎನ್ನುತ್ತಾರೆ. ನಮ್ಮ ದೇಶದಲ್ಲಿ ಬಳಸುವ ಈ ಲೈನಿನಲ್ಲಿ 32 ಪಾಲುಗಳಿವೆ. ಸೊನ್ನೆಯ ಪಾಲು ಎರಡೂ ಕಡೆಯ ತಾಳ ಹೊಂದಿಸಲು. ಸಾಮಾನ್ಯವಾಗಿ 16ನೆಯದು ಸಿಗ್ನಲಿಂಗ್‌ಗೆ. ಉಳಿದ 30ರಲ್ಲಿ ಜನರ ಮಾತು.

ನಿಘಂಟು ತೆರೆದರೆ ಪದಗಳಿಗೇನೂ ಬರವಿಲ್ಲ. ‘ಸೂಚನೆ’ ಬೇಡ ಅನ್ನಿಸಿತು, ಯಾವ ಕೈಪಿಡಿಯಲ್ಲೂ ಪುಟಕ್ಕೊಂದು ‘ಸೂಚನೆ’ ಇದ್ದೇ ಇರುತ್ತದೆ. ‘ಸಂಕೇತ’ ಎಂದರೆ ಗುಟ್ಟಿನ ಬರಹ ನೆನಪಾಗುತ್ತದೆ, ಮೇಲಾಗಿ ಅದು ನನಗೆ ಕೋಡ್‌ಗೆ ಬೇಕು. ‘ಸಂಜ್ಞೆ’ ತಪ್ಪಲ್ಲ. ಆದರೆ ಓದುವಾಗ ವ್ಯಾಕರಣದ ಪಾಠ ಕಣ್ಮುಂದೆ ಬರುತ್ತದೆ.

ಉಳಿದದ್ದು ‘ಸನ್ನೆ’. ಅದು ಸಂಜ್ಞೆಯ ತದ್ಭವವೇ, ಆದರೆ ನಮ್ಮ ಬಾಯಲ್ಲಿ ಪಳಗಿದ್ದು. ಮಾತಿಲ್ಲದೆ ತಿಳಿಸುವುದು ಎಂಬ ಅರ್ಥ ಅದರೊಳಗೇ ಇದೆ. ಮದುವೆ ಮನೆಯ ಪಂಕ್ತಿಯನ್ನು ನೆನೆಸಿಕೊಳ್ಳಿ. ಪಕ್ಕದವರ ಜೊತೆ ಮಾತು ನಡೆದೇ ಇರುತ್ತದೆ. ಸಾರಿನವರು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತೇವೆ. ಅವರು ಮುಂದಕ್ಕೆ ಹೋಗುತ್ತಾರೆ, ಮಾತು ತುಂಡಾಗುವುದಿಲ್ಲ. ಮಾತಿಗೊಂದು ದಾರಿ, ಸನ್ನೆಗೊಂದು ದಾರಿ. ಎಸ್‌ಎಸ್7ನ ತಿರುಳನ್ನು ಇದಕ್ಕಿಂತ ಸಲೀಸಾಗಿ ವಿವರಿಸಲು ನನಗೆ ಬರುವುದಿಲ್ಲ. ಕೈಸನ್ನೆ, ಕಣ್ಸನ್ನೆ ಇದ್ದ ಹಾಗೆ ಸನ್ನೆದಾರಿ, ಸನ್ನೆಜಾಲ ಅಂತ ಕಟ್ಟಿಕೊಳ್ಳಲೂ ಬರುತ್ತದೆ.

ತೊಡಕು ಎರಡಿವೆ. ಭಾರ ಎತ್ತುವ ಸನ್ನೆಗೋಲಿನಲ್ಲೂ ಇದೇ ‘ಸನ್ನೆ’ ಇದೆ. ಅದು ದೊಡ್ಡದಲ್ಲ, ಸಂದರ್ಭದಿಂದ ತಿಳಿಯುತ್ತದೆ. ನಿಜವಾದ ಕಷ್ಟ ಇನ್ನೊಂದು. ಸಿಗ್ನಲ್ ಬೇರೆ, ಸಿಗ್ನಲಿಂಗ್ ಬೇರೆ. ಒಂದು ಸಂದೇಶಕ್ಕೆ ‘ಸನ್ನೆ’ ಎಂದರೆ, ಇಡೀ ಪದ್ಧತಿಗೆ ಏನನ್ನೋಣ? ಸದ್ಯಕ್ಕೆ ‘ಸನ್ನೆ ವ್ಯವಹಾರ’ ಅಂತ ಬರೆದಿದ್ದೇನೆ. ವ್ಯಾಪಾರದ ವಾಸನೆ ಬರುತ್ತದೆ, ನನಗೇ ಒಪ್ಪಿಗೆಯಿಲ್ಲ.

ಎರಡನೆಯ ಪ್ರಶ್ನೆ ‘ರಿಲೀಸ್’ ಬಗ್ಗೆ. ಕರೆ ಮುಗಿಯಿತು, ಲೈನ್ ಖಾಲಿ ಮಾಡು ಎಂದು ಒಂದು ಎಕ್ಸ್‌ಚೇಂಜು ಇನ್ನೊಂದಕ್ಕೆ ಕಳಿಸುವ ಸಂದೇಶ ಅದು. ಮನೆಯಲ್ಲಿ ಎರಡು ಹಳೇ ಕಂಪ್ಯೂಟರ್ ಇವೆ, ಎರಡಕ್ಕೂ ಇ1 ಕಾರ್ಡ್ ಹಾಕಿದ್ದೇನೆ. ನಡುವೆ ನಾನೇ ಕ್ರಿಂಪ್ ಮಾಡಿದ ಒಂದು ಕೇಬಲ್ಲು, ಆ ತುದಿಯ 1, 2ನೇ ತಂತಿ ಈ ತುದಿಯ 4, 5ಕ್ಕೆ. ಒಂದು ಭಾನುವಾರ ಕರೆ ಮುಗಿದ ಮೇಲೂ ಲೈನ್ ಖಾಲಿಯಾಗಲಿಲ್ಲ. ಪರದೆಯಲ್ಲಿ ನೋಡಿದರೆ ಒಂದು ಕಂಪ್ಯೂಟರು ‘ರಿಲೀಸ್’ ಕಳಿಸುತ್ತಿದೆ. ಸ್ವಲ್ಪ ಹೊತ್ತು ಕಾಯುತ್ತದೆ, ಮತ್ತೆ ಕಳಿಸುತ್ತದೆ. ಅದಕ್ಕೆ ಬರಬೇಕಾದ ‘ರಿಲೀಸ್ ಕಂಪ್ಲೀಟ್’ ಬರುತ್ತಲೇ ಇಲ್ಲ. ನಾನು ಬರೆದ ಕೋಡಿನಲ್ಲಿ ಸರ್ಕ್ಯೂಟ್ ನಂಬರ್, ಅಂದರೆ ಸಂದೇಶ ಯಾವ ಲೈನಿನದು ಎಂದು ಹೇಳುವ ಅಂಕಿ, ಒಂದು ಹೆಚ್ಚಾಗಿತ್ತು, ಉತ್ತರ ಪಕ್ಕದ ಲೈನಿನ ಹೆಸರಿನಲ್ಲಿ ಹೋಗುತ್ತಿತ್ತು. ಸಿಕ್ಕಾಗ ರಾತ್ರಿ ಒಂದೂವರೆ. ಆ ಖುಷಿಯೇ ಬೇರೆ.

ಅದನ್ನು ಕನ್ನಡದಲ್ಲಿ ಬರೆದೆ ನೋಡಿ: ‘ಬಿಡುಗಡೆ ಸಂದೇಶಕ್ಕೆ ಬಿಡುಗಡೆ ಪೂರ್ಣ ಸಂದೇಶ ಬಾರದಿರುವ ದೋಷವನ್ನು ಮುಂದಿನ ಬಿಡುಗಡೆಯಲ್ಲಿ ಸರಿಪಡಿಸಲಾಗಿದೆ.’ ಮೂರನೆಯ ಬಿಡುಗಡೆ ತಂತ್ರಾಂಶದ್ದು! ಓದುವವರ ಪಾಡೇನು?

ಆಗ ನಾಮಪದ ಬಿಟ್ಟು ಕ್ರಿಯಾಪದ ಹಿಡಿದೆ. ರಿಲೀಸ್‌ಗೆ ‘ಬಿಡು’, ರಿಲೀಸ್ ಕಂಪ್ಲೀಟ್‌ಗೆ ‘ಬಿಟ್ಟೆ’. ಇದು ಕೂಡಿಬಂದ ಮೇಲೆ ಉಳಿದವೂ ತಾವಾಗಿ ಬಂದವು. ಕರೆ ಶುರುವಾಗುವಾಗ ಮೊದಲು ಹೋಗುವ ಐಎಎಂ ಸಂದೇಶದಲ್ಲಿ ಬೇಕಾದ ನಂಬರ್ ಇರುತ್ತದೆ. ಅದು ‘ಬೇಕು’. ಅಂಕಿಗಳೆಲ್ಲ ಬಂದವು, ಇನ್ನು ಕಳಿಸಬೇಡ ಎನ್ನುವ ಎಸಿಎಂ ‘ಸಾಕು’. ಪಂಕ್ತಿಯಲ್ಲಿ ಕೈ ಅಡ್ಡ ಹಿಡಿದ ಹಾಗೆಯೇ. ಆ ಕಡೆಯವರು ಫೋನ್ ಎತ್ತಿದಾಗ ಬರುವ ಎಎನ್‌ಎಂ ‘ಎತ್ತಿದರು’. ಬೇಕು, ಸಾಕು, ಎತ್ತಿದರು, ಬಿಡು, ಬಿಟ್ಟೆ. ಒಂದು ಇಡೀ ಕರೆ ಐದು ಮಾತಿನಲ್ಲಿ ಮುಗಿಯಿತು. ಪಕ್ಕದಲ್ಲಿ ಐಎಎಂ, ಎಸಿಎಂ ಅಂತ ಮೂಲ ಹೆಸರುಗಳನ್ನೂ ಇಟ್ಟಿದ್ದೇನೆ, ಪರದೆಯಲ್ಲಿ ಕಾಣುವುದು ಅವೇ ಆದ್ದರಿಂದ.

‘ಬಿಡು’ ಬದಲು ‘ಇಡು’ ಯಾಕಲ್ಲ ಅಂತ ಗೆಳೆಯರೊಬ್ಬರು ಕೇಳಿದರು. ಫೋನ್ ಇಡುವವರು ಮನುಷ್ಯರು. ಅವರು ಇಟ್ಟ ಮೇಲೆ ಲೈನ್ ಬಿಡುವುದು ಎಕ್ಸ್‌ಚೇಂಜು. ಎರಡನ್ನೂ ಬೇರೆಯಾಗಿಯೇ ಇಟ್ಟುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. ಯಾರೂ ಇಡದೆಯೂ ಲೈನ್ ಬಿಡುವುದುಂಟು. ಆ ನಂಬರು ಎಂಗೇಜ್ ಇದ್ದರೆ ‘ಬಿಡು’ ಸಂದೇಶದ ಜೊತೆ ಕಾರಣ 17 ಬರುತ್ತದೆ. ಮಾತಾಡಿ ಇಟ್ಟಿದ್ದರೆ 16.

ಇನ್ನೊಂದು ಪದಕ್ಕೆ ನಿಮ್ಮ ಸಹಾಯ ಬೇಕು. ಕರೆಗಾಗಿ ಒಂದು ಲೈನನ್ನು ತನ್ನದು ಮಾಡಿಕೊಳ್ಳುವುದಕ್ಕೆ ಇಂಗ್ಲಿಷಿನಲ್ಲಿ ‘ಸೀಜ್’ ಅನ್ನುತ್ತಾರೆ. ‘ವಶಪಡಿಸಿಕೊ’ ಎಂದರೆ ಪೊಲೀಸರು ಗಾಡಿ ಹಿಡಿದ ಹಾಗಾಗುತ್ತದೆ. ‘ಹಿಡಿ’ ಸಾಕು ಅನ್ನಿಸುತ್ತದೆ, ‘ಬಿಡು’ವಿಗೆ ಜೋಡಿಯೂ ಆಗುತ್ತದೆ. ಆದರೆ ಇದಕ್ಕೆ ಬಳಕೆಯ ಮಾತು ಮೊದಲೇ ಇದ್ದಿರಬೇಕು. ಟೆಲಿಫೋನ್ ತಯಾರಿಸುತ್ತಿದ್ದ ಬೆಂಗಳೂರಿನ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) 1948ರದ್ದು, ಅದರ ಸುತ್ತ ಬೆಳೆದ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರು. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ 128 ಲೈನಿನ ಹಳ್ಳಿ ಎಕ್ಸ್‌ಚೇಂಜ್ ಮೊದಲು ಬಂದದ್ದು 1986ರಲ್ಲಿ, ನಮ್ಮ ಕಿತ್ತೂರಿಗೆ. ಅಂಥ ಕಡೆ ದುಡಿದ ಲೈನ್‌ಮನ್‌ಗಳು, ಆಪರೇಟರ್ ಅಕ್ಕಂದಿರು ದಿನವಿಡೀ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು ಅಂತ ನನಗನ್ನಿಸುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಕೇಳಿ ತಿಳಿಸಿ. ಲೈನ್ ಸಿಕ್ಕಾಗ ಅವರು ಪಕ್ಕದವರಿಗೆ ಏನೆಂದು ಹೇಳುತ್ತಿದ್ದರು: ‘ಹಿಡಿದೆ’ ಅಂತಲೋ, ‘ಸಿಕ್ತು’ ಅಂತಲೋ?