ಕಾರ್ಲೆಸ್ ಕ್ವದ್ರತ್: ರೋಕಾ ಕಟ್ಟಿದ ತಂಡವನ್ನು ಮುನ್ನಡೆಸಿದವರು ಮಾತ್ರವೇ?

ಹೊಸ ಅಭಿಮಾನಿ (ಪ್ರಶ್ನೆ):
ನಾನು ಬೆಂಗಳೂರು ಫುಟ್‌ಬಾಲ್ ಕ್ಲಬ್ (ಬಿಎಫ್‌ಸಿ) ಪಂದ್ಯಗಳನ್ನು ನೋಡಲು ಆರಂಭಿಸಿದ್ದು ಇತ್ತೀಚೆಗೆ. 2019ರ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪ್ರಶಸ್ತಿಯ ಮಾತು ಬಂದಾಗಲೆಲ್ಲ ಹಳಬರು ಸ್ಪೇನ್‌ನ ಕೋಚ್ ಕ್ವದ್ರತ್ ಅವರನ್ನು ನೆನೆಯುತ್ತಾರೆ. ಆದರೆ ಆ ತಂಡವನ್ನು ಕಟ್ಟಿದ್ದು ಅವರಿಗೂ ಮುಂಚಿನ ಕೋಚ್ ಆಲ್ಬರ್ಟ್ ರೋಕಾ ಅಲ್ಲವೇ? ಆಟಗಾರನಾಗಿಯೂ ಕ್ವದ್ರತ್ ದೊಡ್ಡ ಹೆಸರಲ್ಲ. ಗೆಲುವಿನಲ್ಲಿ ಅವರ ಪಾಲು ನಿಜಕ್ಕೂ ಎಷ್ಟು?

ಕಂಠೀರವದ ಪ್ರೇಕ್ಷಕ:
ರೋಕಾ ಅವರ ಋಣ ದೊಡ್ಡದೇ. ಆದರೆ 2016ರಲ್ಲಿ ಅವರು ಬೆಂಗಳೂರಿಗೆ ಬಂದಾಗ ಸಹಾಯಕ ಕೋಚ್ ಆಗಿ ಜೊತೆಗೇ ಬಂದವರು ಕ್ವದ್ರತ್. ಆ ವರ್ಷ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ನಮ್ಮದಾಯಿತು. ಕಟ್ಟಿದವರಲ್ಲಿ ಇವರೂ ಒಬ್ಬರು.

ಹುಟ್ಟಿದ್ದು 1968ರಲ್ಲಿ, ಬಾರ್ಸಿಲೋನಾದಲ್ಲಿ. ಆಟ ಕಲಿತದ್ದು ಬಾರ್ಸಿಲೋನಾ ಕ್ಲಬ್‌ನ ಲಾ ಮಾಸಿಯಾ ಅಕಾಡೆಮಿಯಲ್ಲಿ. ಡಿಫೆಂಡರ್ ಆಗಿದ್ದ ಅವರನ್ನು ಗಾಯಗಳು ಬೇಗನೆ ಅಂಗಳದಿಂದ ಹೊರಹಾಕಿದವು. ಮುಂದೆ ಇಸ್ತಾಂಬುಲ್‌ನ ಗಲಾತಸರಾಯ್‌ನಲ್ಲಿ ಕೋಚ್ ಫ್ರ್ಯಾಂಕ್ ರೈಕಾರ್ಡ್ ಅವರ ಬಳಗದಲ್ಲಿ, ಆಮೇಲೆ ಎಲ್ ಸಾಲ್ವಡಾರ್ ರಾಷ್ಟ್ರೀಯ ತಂಡದಲ್ಲಿ ರೋಕಾ ಜೊತೆಗೆ. ಇಷ್ಟು ವರ್ಷ ಇನ್ನೊಬ್ಬರ ಹಿಂದೆ ನಿಂತು ದುಡಿದವರು ಮುಖ್ಯ ಕೋಚ್ ಆಗಿ ಕಂಠೀರವದ ಅಂಚಿನಲ್ಲಿ ನಿಂತಾಗ ಅವರಿಗೆ ಐವತ್ತು ತುಂಬುತ್ತಿತ್ತು.

ಅವರ ಪಾಲು ಎಷ್ಟೆಂದು ತಿಳಿಯಬೇಕಾದರೆ ಎರಡು ಫೈನಲ್‌ಗಳನ್ನು ಒಟ್ಟಿಗೆ ನೋಡಿ. 2018ರ ಮಾರ್ಚ್ 17, ಐಎಸ್‌ಎಲ್ ಫೈನಲ್, ನಮ್ಮದೇ ಅಂಗಳ, ಮುಖ್ಯ ಕೋಚ್ ಇನ್ನೂ ರೋಕಾ. ಒಂಬತ್ತನೇ ನಿಮಿಷದಲ್ಲೇ ಚೆಟ್ರಿ ಹೆಡರ್, ಗ್ಯಾಲರಿಯಲ್ಲಿ ಯಾರೂ ಕುಳಿತಿರಲಿಲ್ಲ. ಆಮೇಲೆ ಎದುರಾಳಿ ಚೆನ್ನೈಯಿನ್‌ನ ಗ್ರೆಗರಿ ನೆಲ್ಸನ್ ಕಾರ್ನರ್ (ಅಂಗಳದ ಮೂಲೆಯಿಂದ ಒದೆತ), ಮೈಲ್ಸನ್ ಆಲ್ವೆಸ್ ಹೆಡರ್. ವಿರಾಮಕ್ಕೆ ಮುನ್ನ ಮತ್ತೆ ಅದೇ ಕಾರ್ನರ್, ಅದೇ ತಲೆ. ಚೆನ್ನೈಯಿನ್ 3-2ರಿಂದ ಗೆದ್ದಿತು.

ಸರಿಯಾಗಿ ಒಂದು ವರ್ಷದ ಬಳಿಕ, 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಎಫ್‌ಸಿ ಗೋವಾ ಎದುರಾಳಿ, ಈಗ ಮುಖ್ಯ ಕೋಚ್ ಕ್ವದ್ರತ್. ಹೆಚ್ಚುವರಿ ಅವಧಿಯ 117ನೇ ನಿಮಿಷ, ಡಿಮಾಸ್ ಡೆಲ್ಗಾಡೊ ಕಾರ್ನರ್, ರಾಹುಲ್ ಭೆಕೆ ಹೆಡರ್, 1-0. ಹಿಂದಿನ ವರ್ಷ ನಮ್ಮನ್ನು ಕೊಂದ ಅಸ್ತ್ರವೇ ಕಪ್ ತಂದಿತು. ನನ್ನ ಮಟ್ಟಿಗೆ ಅದು ಅದೃಷ್ಟವಲ್ಲ. ಕಾರ್ನರ್, ಫ್ರೀ ಕಿಕ್, ಉದ್ದನೆಯ ಥ್ರೋ ಇನ್, ಇವುಗಳಿಗೆ ಕ್ವದ್ರತ್ ಕೊಟ್ಟಷ್ಟು ಗಮನವನ್ನು ಇಲ್ಲಿ ಕೊಟ್ಟವರು ವಿರಳ. ಲೀಗ್ ಹಂತದಲ್ಲಿ ಅಗ್ರಸ್ಥಾನ ಪಡೆದ ತಂಡವೇ ಐಎಸ್‌ಎಲ್ ಕಪ್ ಎತ್ತಿದ್ದೂ ಅದೇ ಮೊದಲು.

ಗ್ಯಾಲರಿ ಮಿತ್ರ:
ಎಲ್ಲವೂ ಒಪ್ಪಿಗೆ. ಆದರೆ ಮುಂದಿನ ಋತುವಿನ ನೀರಸ ಆಟವನ್ನೂ ಹೇಳಬೇಕಲ್ಲವೇ? ಕಾರ್ನರ್ ಸಿಗದಿದ್ದರೆ ಗೋಲಿನ ಆಸೆಯೇ ಇರುತ್ತಿರಲಿಲ್ಲ. ಸೆಮಿಫೈನಲ್‌ನ ಎರಡು ಪಂದ್ಯಗಳಲ್ಲಿ ಮೊದಲನೆಯದನ್ನು ಗೆದ್ದೂ ಕೋಲ್ಕತ್ತದ ಎಟಿಕೆ ಎದುರು ಒಟ್ಟಾರೆ 3-2ರಿಂದ ಸೋತೆವು. 2021ರ ಜನವರಿಯಲ್ಲಿ ಸತತ ಮೂರು ಸೋಲಿನ ನಂತರ ಅವರು ಹೊರನಡೆದದ್ದು ನನಗೆ ಅನಿರೀಕ್ಷಿತವಾಗಿರಲಿಲ್ಲ.

ಕಂಠೀರವದ ಪ್ರೇಕ್ಷಕ:
ನೀರಸ ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. 2019-20ರಲ್ಲಿ ನಮ್ಮ ಸ್ಟ್ರೈಕರ್ ಮಿಕು ಇರಲಿಲ್ಲ, ಅವರ ಜಾಗ ತುಂಬಲೇ ಇಲ್ಲ. ಆದರೆ ಅದೇ ಋತುವಿನಲ್ಲಿ ನಮ್ಮ ಗೋಲ್‌ಕೀಪರ್ ಗುರುಪ್ರೀತ್ ಅತ್ಯುತ್ತಮ ಗೋಲ್‌ಕೀಪರ್‌ಗೆ ಕೊಡುವ ಗೋಲ್ಡನ್ ಗ್ಲೌ ಗೆದ್ದರು. ಗೋಲು ಹೊಡೆಯುವವರು ಇಲ್ಲದಾಗ ಗೋಲು ಬಿಟ್ಟುಕೊಡದಂತೆ ನೋಡಿಕೊಳ್ಳುವುದೂ ಕೋಚ್‌ನ ಕೆಲಸವೇ. ಕೊನೆಯ ಋತುವಿನಲ್ಲಿ ಕೋವಿಡ್‌ನಿಂದಾಗಿ ಎಲ್ಲ ಪಂದ್ಯಗಳೂ ಗೋವಾದಲ್ಲಿ, ಖಾಲಿ ಅಂಗಳದಲ್ಲಿ ನಡೆದವು. ಅವರು ಹೋಗುವಾಗ ಎದ್ದು ನಿಂತು ಚಪ್ಪಾಳೆ ತಟ್ಟುವ ಅವಕಾಶವೂ ನಮಗೆ ಸಿಗಲಿಲ್ಲ. ಆ ಬೇಸರ ಇಂದಿಗೂ ಇದೆ.

ಹೊಸ ಅಭಿಮಾನಿ:
ವಂದನೆಗಳು. ಮುಂದೆ ಕೋಲ್ಕತ್ತಕ್ಕೆ ಹೋದರಂತೆ, ಅಲ್ಲಿ ಅವರು ಮಾಡಿದ್ದೇನು?

ಕಂಠೀರವದ ಪ್ರೇಕ್ಷಕ:
2023ರಲ್ಲಿ ಸೊರಗಿಹೋಗಿದ್ದ ಈಸ್ಟ್ ಬೆಂಗಾಲ್‌ನ ಹೊಣೆ ಹೊತ್ತರು. ಆ ಆಗಸ್ಟ್‌ನಲ್ಲಿ ಡುರಾಂಡ್ ಕಪ್‌ನಲ್ಲಿ ಮೋಹನ್ ಬಾಗನ್ ವಿರುದ್ಧ 1-0 ಗೆಲುವು. ಒಂದೇ ಊರಿನ ಈ ಎದುರಾಳಿಗಳ ಡರ್ಬಿ ಪಂದ್ಯಗಳಲ್ಲಿ ಸೋತು ಸೋತು ತಲೆತಗ್ಗಿಸಿದ್ದ ಅಭಿಮಾನಿಗಳಿಗೆ ಅದು ಎಷ್ಟು ದೊಡ್ಡದೆಂದು ಊಹಿಸಿ. 2024ರ ಜನವರಿಯಲ್ಲಿ ಭುವನೇಶ್ವರದಲ್ಲಿ ಒಡಿಶಾವನ್ನು 3-2ರಿಂದ ಮಣಿಸಿ ಸೂಪರ್ ಕಪ್ ಗೆದ್ದರು, ಕ್ಲಬ್‌ಗೆ 12 ವರ್ಷಗಳಲ್ಲಿ ಮೊದಲ ರಾಷ್ಟ್ರೀಯ ಟ್ರೋಫಿ. ಅದೂ ಹೆಚ್ಚುವರಿ ಅವಧಿಯಲ್ಲಿಯೇ. ನಿರ್ಣಾಯಕ ಗೋಲು ಹೊಡೆದ ಕ್ಲೇಟನ್ ಸಿಲ್ವಾ ಹಿಂದೆ ಬಿಎಫ್‌ಸಿಯಲ್ಲಿ ಇದ್ದವರು. ಎದುರಿನ ಬೆಂಚಿನಲ್ಲಿ ಕುಳಿತಿದ್ದವರು ಸರ್ಜಿಯೊ ಲೊಬೆರಾ, 2019ರ ಫೈನಲ್‌ನಲ್ಲಿ ಗೋವಾದ ಕೋಚ್ ಆಗಿದ್ದವರು. ಅದೇ ವರ್ಷದ ಸೆಪ್ಟೆಂಬರ್ ಕೊನೆಯಲ್ಲಿ, ಲೀಗ್‌ನ ಮೊದಲ ಮೂರು ಪಂದ್ಯಗಳನ್ನು ಸೋತ ಬಳಿಕ ಕ್ವದ್ರತ್ ರಾಜೀನಾಮೆ ಕೊಟ್ಟರು.

ಮುಂಬೈ ಫೈನಲ್‌ನ ಪೂರ್ಣ ವಿಡಿಯೊ ಸಿಕ್ಕರೆ ಭೆಕೆ ಗೋಲನ್ನಷ್ಟೇ ನೋಡಬೇಡಿ. ಅದಕ್ಕೂ ಮುಂಚಿನ ಕಾರ್ನರ್‌ಗಳಲ್ಲಿ ನಮ್ಮವರು ಎಲ್ಲೆಲ್ಲಿ ನಿಲ್ಲುತ್ತಾರೆ, ಯಾರು ಯಾವ ಕಡೆಗೆ ಓಡುತ್ತಾರೆ ಎಂಬುದನ್ನೂ ಗಮನಿಸಿ.