ಲೆಕ್ಕದಲ್ಲಿ 26 ನಿಮಿಷ, ಬೀಕರಿನಲ್ಲಿ ಇನ್ನೂ ನೀಲಿ

ಪ್ರಶ್ನೆ (ಬಿಎಸ್ಸಿ ವಿದ್ಯಾರ್ಥಿನಿ, ಬದಿಯಡ್ಕ): ಟೀಚರ್, ನಮಸ್ಕಾರ. ಅಡಿಕೆ ತೋಟಕ್ಕೆ ತಂದ ಮೈಲುತುತ್ತಿನಲ್ಲಿ (ತಾಮ್ರದ ಸಲ್ಫೇಟ್) 1.000 ಗ್ರಾಂ ತೂಗಿ, ನೀರಲ್ಲಿ ಕರಗಿಸಿ, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಹಾಕಿ, ಪ್ಲಾಟಿನಂ ಬಲೆಯ ಮೇಲೆ ತಾಮ್ರ ಕೂರಿಸಿದೆ. ಕರೆಂಟು 0.50 ಆಂಪಿಯರ್. ಲೆಕ್ಕದ ಪ್ರಕಾರ 26 ನಿಮಿಷ ಸಾಕಿತ್ತು. ಅಷ್ಟು ಹೊತ್ತು ಬಿಟ್ಟರೂ ದ್ರಾವಣ ತಿಳಿನೀಲಿಯಾಗಿಯೇ ಇತ್ತು. ಸಿಕ್ಕ ತಾಮ್ರ 0.1985 ಗ್ರಾಂ, ಅದರ ಮೇಲ್ಪದರವೂ ಕಪ್ಪಾಗಿ ಸ್ಪಂಜಿನ ಹಾಗೆ. ಮೈಲುತುತ್ತು ಕಲಬೆರಕೆಯಾ?

ಉತ್ತರ: ಮೈಲುತುತ್ತಿನ ಮೇಲೆ ಈಗಲೇ ತಪ್ಪು ಹೊರಿಸಬೇಡಮ್ಮಾ. ನೀಲಿ ಉಳಿದಿದೆ ಅಂದರೆ ತಾಮ್ರ ಇನ್ನೂ ಬೀಕರಿನಲ್ಲೇ ಇದೆ.

ನಿನ್ನ ಲೆಕ್ಕ ಸರಿ. ಶುದ್ಧ ಮೈಲುತುತ್ತಿನ ಅಣುತೂಕ 249.7, ತಾಮ್ರದ್ದು 63.55, ಹಾಗಾಗಿ 1 ಗ್ರಾಮಿನಲ್ಲಿ 0.2545 ಗ್ರಾಂ ತಾಮ್ರ. ತಾಮ್ರದ ಪ್ರತಿ ಅಯಾನಿಗೆ (ಆವೇಶವಿರುವ ಕಣಕ್ಕೆ) ಎರಡು ಎಲೆಕ್ಟ್ರಾನ್, ಫ್ಯಾರಡೆ ಸ್ಥಿರಾಂಕ (ಒಂದು ಮೋಲ್ ಎಲೆಕ್ಟ್ರಾನಿನ ಆವೇಶ) 96485. ಒಟ್ಟು ಸುಮಾರು 773 ಕೂಲಂಬ್ (ಆಂಪಿಯರ್ × ಸೆಕೆಂಡು). ಅದನ್ನು 0.50ರಿಂದ ಭಾಗಿಸಿದರೆ 1546 ಸೆಕೆಂಡು. ಆದರೆ ಪ್ರತಿಯೊಂದು ಎಲೆಕ್ಟ್ರಾನೂ ತಾಮ್ರಕ್ಕೇ ಹೋದರೆ ಮಾತ್ರ ಈ ಸಮಯ ಸಾಕು. ನಿನ್ನಲ್ಲಿ ಹೋದದ್ದು ನೂರರಲ್ಲಿ 78.

ಉಳಿದದ್ದು ಎಲ್ಲಿಗೆ? ತಾಮ್ರ ಕಡಿಮೆಯಾಗುತ್ತಾ ಬಂದ ಹಾಗೆ ಬಲೆಯ ಹತ್ತಿರ ಅಯಾನುಗಳು ಬೇಕಾದಷ್ಟು ಬೇಗ ಬಂದು ತಲುಪುವುದಿಲ್ಲ. ಕರೆಂಟನ್ನು ನಾವು 0.50ರಲ್ಲೇ ಹಿಡಿದಿದ್ದೇವಲ್ಲ, ಅದಕ್ಕೆ ಬೇರೆ ದಾರಿ ಬೇಕು: ಹೈಡ್ರೋಜನ್ ಏಳುತ್ತದೆ. ಆ ಗುಳ್ಳೆಗಳೇ ಪದರವನ್ನು ಸ್ಪಂಜು ಮಾಡುವುದು. ಸ್ವಲ್ಪ ನೈಟ್ರಿಕ್ ಆಮ್ಲ ಸೇರಿಸು. ಹೈಡ್ರೋಜನ್ ಬದಲು ನೈಟ್ರೇಟ್ ಆ ಎಲೆಕ್ಟ್ರಾನುಗಳನ್ನು ತೆಗೆದುಕೊಂಡು ಅಮೋನಿಯಂ ಆಗುತ್ತದೆ, ತಾಮ್ರ ನುಣ್ಣಗೆ ಕೆಂಪಗೆ ಕೂರುತ್ತದೆ. ಚೆನ್ನಾಗಿ ಕಲಕುತ್ತಿರು. ಕ್ಲೋರೈಡ್ ಮಾತ್ರ ಹತ್ತಿರ ಬರಬಾರದು, ಪ್ಲಾಟಿನಂ ತಿನ್ನುತ್ತದೆ.

ಗಡಿಯಾರ ನೋಡಿ ನಿಲ್ಲಿಸಬೇಡ. ನೀಲಿ ಹೋದ ಮೇಲೆ ಬೀಕರಿಗೆ ಸ್ವಲ್ಪ ನೀರು ಹಾಕಿ ಮಟ್ಟ ಏರಿಸು, ಬಲೆಯ ಹಿಡಿಯಲ್ಲಿ ಹೊಸದಾಗಿ ಒಂದಿಷ್ಟು ಬೆಳ್ಳಗಿನ ಪ್ಲಾಟಿನಂ ಮುಳುಗುತ್ತದೆ. ಕಾಲು ಗಂಟೆಯಲ್ಲಿ ಅಲ್ಲಿ ಕೆಂಪು ಬರದಿದ್ದರೆ ಮುಗಿಯಿತು. ಕರೆಂಟು ಹರಿಯುತ್ತಿರುವಾಗಲೇ ಎತ್ತಿ ತೊಳೆಯಬೇಕು, ಇಲ್ಲವಾದರೆ ಆಮ್ಲ ತಾಮ್ರವನ್ನು ವಾಪಸು ಕರಗಿಸುತ್ತದೆ. ಆಮೇಲೆ ಅಸಿಟೋನಿನಲ್ಲಿ ಅದ್ದಿ ಒಣಗಿಸಿ ತೂಗು.

ಮರುಪ್ರಶ್ನೆ (ಅದೇ ವಿದ್ಯಾರ್ಥಿನಿ): ಹಾಗಾದರೆ ಸಮಯದಿಂದ ಅಳೆಯುವ ವಿಧಾನವೇ ಇಲ್ವಾ ಟೀಚರ್?

ಉತ್ತರ: ಉಂಟು, ಕೂಲೊಮೆಟ್ರಿ. ಅಲ್ಲಿ ದಕ್ಷತೆ ನೂರಕ್ಕೆ ನೂರು ಇರುವ, ಅಂದರೆ ಪ್ರತಿ ಎಲೆಕ್ಟ್ರಾನೂ ಬೇಕಾದ ಕೆಲಸಕ್ಕೇ ಹೋಗುವ ಕ್ರಿಯೆಯನ್ನೇ ಆರಿಸುತ್ತೇವೆ. ಅಯೋಡೈಡಿನಿಂದ ಅಯೋಡಿನ್ ಹುಟ್ಟಿಸಿ ವಿಟಮಿನ್ ಸಿ ಅಳೆಯುವುದು ನನಗೆ ಬಹಳ ಇಷ್ಟ: 10 ಮಿಲಿಆಂಪಿಯರ್ ಕರೆಂಟಿನಲ್ಲಿ 200 ಸೆಕೆಂಡಿಗೆ ವಿಟಮಿನ್ ಮುಗಿದು, ಉಳಿದ ಅಯೋಡಿನ್‌ನಿಂದ ಗಂಜಿಪಿಷ್ಟ ನೀಲಿಯಾದರೆ, 2 ಕೂಲಂಬ್, ಅಂದರೆ 1.83 ಮಿಲಿಗ್ರಾಂ ವಿಟಮಿನ್.

ಪ್ರಶ್ನೆ (ಅಡಿಕೆ ಕೃಷಿಕರು, ಪೆರ್ಲ): ಟೀಚರ್, ನಮ್ಮ ಅಪ್ಪ ಕೊಳೆರೋಗಕ್ಕೆ ಮದ್ದು ಬಿಡುವ ಮೊದಲು ಬೋರ್ಡೋ ದ್ರಾವಣಕ್ಕೆ (ಮೈಲುತುತ್ತು, ಸುಣ್ಣ ಬೆರೆಸಿದ ಮದ್ದು) ಕತ್ತಿ ಅದ್ದಿ ನೋಡುತ್ತಿದ್ದರು. ಅದೂ ಇದೇ ವಿಷಯವಾ?

ಉತ್ತರ: ಅದೇ ಅಣ್ಣಾ, ಬ್ಯಾಟರಿ ಮಾತ್ರ ಇಲ್ಲ. ಎಲೆಕ್ಟ್ರಾನ್ ಸೆಳೆಯುವ ಒಲವಿನ ಅಳತೆಯಲ್ಲಿ (ಪ್ರಮಾಣಿತ ವಿಭವ) ಕಬ್ಬಿಣ −0.44 ವೋಲ್ಟ್, ತಾಮ್ರ +0.34. ಕಬ್ಬಿಣವೇ ಎಲೆಕ್ಟ್ರಾನ್ ಕೊಟ್ಟು ತಾಮ್ರವನ್ನು ತನ್ನ ಮೇಲೆ ಕೂರಿಸಿಕೊಳ್ಳುತ್ತದೆ. ಕತ್ತಿ ಕೆಂಪಾದರೆ ತಾಮ್ರ ಇನ್ನೂ ಕರಗಿದ ರೂಪದಲ್ಲೇ ಉಳಿದಿದೆ. ಹಾಗೇ ಬಿಟ್ಟರೆ ಎಳೆಕಾಯಿ ಸುಡುತ್ತದೆ. 100 ಲೀಟರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಎಂದು ಅಳೆದು ಹಾಕಿದ್ದರೂ ಸುಣ್ಣ ಹಳತಾಗಿದ್ದರೆ ಹೀಗಾಗುತ್ತದೆ. ಕೆಂಪು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸಿ. ಕತ್ತಿಗೆ ಎಣ್ಣೆ ಹಚ್ಚಿದ್ದರೆ ಉಜ್ಜಿ ತೆಗೆದೇ ಅದ್ದಿ. ಎಣ್ಣೆಯ ಮೇಲೆ ತಾಮ್ರ ಕೂರುವುದಿಲ್ಲ, ಮದ್ದು ಸರಿಯಾಗಿದೆ ಅಂತ ನೀವು ನಂಬಿಬಿಡುತ್ತೀರಿ.