ಸಹಾಯ ಬೇಕು: ಉದ್ದವಾಗುತ್ತಲೇ ಹೋಗುವ ಚೆಕ್‌ಲಿಸ್ಟನ್ನು ಹಿಡಿತಕ್ಕೆ ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ತಂಡದಲ್ಲಿ ಪ್ರತಿ ತಿಂಗಳ ಸಾಫ್ಟ್‌ವೇರ್ ಬಿಡುಗಡೆಗೆ ಒಂದು ಮೂಲ ಚೆಕ್‌ಲಿಸ್ಟ್ ಇಟ್ಟುಕೊಂಡು, ಪ್ರತಿ ಬಾರಿಯೂ ಅದರ ಹೊಸ ಪ್ರತಿ ತೆರೆದು ಕೆಲಸ ಹಂಚಿಕೊಳ್ಳುತ್ತೇವೆ. ಹೆಜ್ಜೆ ತಪ್ಪಿದಾಗಲೆಲ್ಲ ಒಂದೊಂದು ಸಾಲು ಸೇರಿಸುತ್ತ ಬಂದದ್ದರಿಂದ ಅದು 64 ಸಾಲುಗಳಿಗೆ ಬೆಳೆದಿದ್ದು, ಓದದೆಯೇ ಗುರುತು ಹಾಕುವ ಅಭ್ಯಾಸ, ನನ್ನನ್ನೂ ಸೇರಿಸಿ, ಎಲ್ಲರಿಗೂ ಅಂಟಿಕೊಂಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿರುವುದು ಕೇವಲ 19 ಅಂಶಗಳು. ಅವೂ ಅರಿವಳಿಕೆಗೆ ಮೊದಲು, ಛೇದನಕ್ಕೆ ಮೊದಲು, ರೋಗಿ ಕೊಠಡಿಯಿಂದ ಹೊರಡುವ ಮೊದಲು ಎಂಬ ಮೂರು ನಿಲುಗಡೆಗಳಲ್ಲಿ ಹಂಚಿಕೊಂಡಿವೆ. ನಮ್ಮದನ್ನೂ ಹೀಗೆ ಒಡೆಯಬೇಕೆಂದಿದ್ದೇನೆ. ಆದರೆ ಯಾವ ಸಾಲನ್ನು ಕೈಬಿಡಬಹುದೆಂದು ನಿರ್ಧರಿಸುವುದು ಹೇಗೆ, ಮೂಲ ಪಟ್ಟಿಯನ್ನು ತಿದ್ದಿದಾಗ ಅರ್ಧ ನಡೆದಿರುವ ಪ್ರತಿಗಳನ್ನು ಏನು ಮಾಡುತ್ತೀರಿ ಎಂಬುದನ್ನು ಅನುಭವವಿದ್ದವರು ದಯವಿಟ್ಟು ತಿಳಿಸಿ.